ಕುಂಭಕ್ಕ ಕರಿಯೋರು ಮೀಟಿಂಗಿಗೂ ಕರೀಲಿ

ಅಕ್ಕಾರ, ತಂಗೇರ, ನಮ್ಮ ಓಣಿಯ ಅತ್ತಿ-ನೆಗೆಣ್ಣೇರ, ಈ ಸಲ ಸಂಡಿಗಿ-ಉಪ್ಪಿನಕಾಯಿ ಮಾತು ಬದಿಗಿಡ್ತೀನಿ. ಸಾಹಿತ್ಯದ ಸಂಸ್ಥೆಗಳ ಬಗ್ಗೆ ನಾಕು ಮಾತು ಹೇಳೋದೈತಿ. "ಅದು ನಮಗ್ಯಾಕ ಬೇಕವ್ವ" ಅನ್ನಬ್ಯಾಡ್ರಿ. ಕವಿಗೋಷ್ಠಿ ಇರಲಿ, ಪುಸ್ತಕ ಬಿಡುಗಡೆ ಇರಲಿ, ನಾಟಕ ಇರಲಿ, ಹೊರಗಿನ ಸಂಸ್ಥೆಯವರು ಊರಿಗೆ ಬಂದರ ಮೊದಲು ಹುಡುಕೋದು ನಮ್ಮ ಸ್ತ್ರೀಶಕ್ತಿ ಸಂಘಗಳನ್ನ. ಹಂಗಾಗಿ ಇದು ನಮ್ಮ ಮನಿ ಮಾತೇ.

ಆಮಂತ್ರಣ ಪತ್ರಿಕಿ ನೀವೆಲ್ಲಾ ನೋಡೀರಿ. ಮ್ಯಾಲೆ ದಪ್ಪ ಅಕ್ಷರದಾಗ ಸಂಸ್ಥೆ ಹೆಸರು. ಅದರ ಕೆಳಗ ಸಣ್ಣ ಅಕ್ಷರದಾಗ "ಇವರ ಸಹಯೋಗದಲ್ಲಿ" ಅಂತ ಬರೆದು ಗ್ರಾಮ ಪಂಚಾಯಿತಿ, ಶಾಲೆಯ ಎಸ್‌ಡಿಎಂಸಿ, ಯುವಕ ಮಂಡಳಿ, ಭಜನಾ ಮಂಡಳಿ, ಎಲ್ಲಾರ ಕೊನಿಗೆ ಸ್ತ್ರೀಶಕ್ತಿ ಸಂಘ. ಸಹಯೋಗ ಅನ್ನೋದು ಭಾಳ ಚಲೋ ಶಬ್ದ. ಕೂಡಿ ಮಾಡೋದು ಅಂತ ಅದರ ಅರ್ಥ. ಆದರ ಕೂಡಿ ಮಾಡೋದು ಅಂದ್ರ ಯಾವುದನ್ನ? ಕಾರ್ಯಕ್ರಮ ಯಾವತ್ತು, ಎಷ್ಟೊತ್ತಿಗೆ, ಯಾರು ಮಾತಾಡಬೇಕು, ಏನು ಮಾತಾಡಬೇಕು, ರೊಕ್ಕ ಹೆಂಗ ಖರ್ಚು ಮಾಡಬೇಕು ಅಂತ ಕೂತು ತೀರ್ಮಾನ ಮಾಡೋದ್ರಾಗ ನಾವು ಇರಲ್ಲ. ತೀರ್ಮಾನ ಆದಮ್ಯಾಲೆ ಎರಡು ಕೆಲಸಕ್ಕ ಕರಿ ಬರತೈತಿ. ಒಂದು ಕುಂಭ ಹೊರೋದು, ಇನ್ನೊಂದು ಊಟಕ್ಕ ನೀಡೋದು.

ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ, ಊರು ಬ್ಯಾಡ, ಸಂಸ್ಥೆ ಹೆಸರೂ ಬ್ಯಾಡ. ಹೆಣ್ಣುಮಕ್ಕಳು ಬೆಳಿಗ್ಗೆ ಒಂಬತ್ತಕ್ಕ ಒಂದೇ ಬಣ್ಣದ ಸೀರಿ ಉಟ್ಟು ಕುಂಭ ಹೊತ್ತು ನಿಂತರು. ಅತಿಥಿಗಳು ಬಂದದ್ದು ಹನ್ನೆರಡಕ್ಕ. ಸ್ವಾಗತ, ಶಾಲು, ಹಾರ, ಭಾಷಣ ಮುಗಿಯೋದ್ರಾಗ ಎರಡೂವರಿ. ಊಟಕ್ಕ ನೀಡಿ, ಪಾತ್ರಿ ಎತ್ತಿಟ್ಟು, ನಾವು ಕೂಡ್ರಬೇಕು ಅನ್ನೋದ್ರಾಗ ನಾಕು. "ಮಹಿಳಾ ಗೋಷ್ಠಿ" ಅಂತ ಪತ್ರಿಕಿಯಾಗ ಇದ್ದದ್ದು ಅದೇ ಹೊತ್ತಿಗೆ. ಅತಿಥಿಗಳು ಕಾರು ಹತ್ತಿದ್ದರು, ಶಾಮಿಯಾನದವನು ಕುರ್ಚಿ ಒಂದರ ಮ್ಯಾಲೊಂದು ಪೇರಿಸಾಕ ಹತ್ತಿದ್ದ. ಕವಿತೆ ಬರೆದು ತಂದಿದ್ದ ಪಿಯುಸಿ ಹುಡುಗಿ ಒಬ್ಬಾಕಿ ಕಾಗದ ಮಡಚಿ ಬ್ಯಾಗಿನಾಗ ಇಟ್ಟುಕೊಂಡು ಮನಿಗೆ ಹೋದಳು. ಆ ಕವಿತೆ ಚಲೋ ಇತ್ತೋ ಇಲ್ಲೋ ಯಾರಿಗೂ ಗೊತ್ತಾಗಲಿಲ್ಲ. ನನಗ ಸಿಟ್ಟು ಬಂದದ್ದು ಅದಕ್ಕ.

ಹಂಗಂತ ಸಂಸ್ಥೆ ನಡೆಸೋರೆಲ್ಲಾ ಕೆಟ್ಟವರು ಅಂತ ನಾನು ಹೇಳಲ್ಲ. ಎಷ್ಟೋ ಮಂದಿ ಮಾಸ್ತರರು, ನಿವೃತ್ತರು ಕೈಲಿಂದ ರೊಕ್ಕ ಹಾಕಿ, ಮನಿಯಾಗ ಬೈಸಿಕೊಂಡು ಈ ಕೆಲಸ ಮಾಡ್ತಾರ. ಅವರಿಲ್ಲದಿದ್ದರ ಹಳ್ಳಿಯಾಗ ಪುಸ್ತಕದ ಮಾತೇ ಇರ್ತಿರಲಿಲ್ಲ. ತಪ್ಪು ಇರೋದು ರೂಢಿಯಾಗ. ಸಂಸ್ಥೆಯವರು ಕೊಡೋರು, ಊರವರು ಇಸಗೊಳ್ಳೋರು ಅಂತ ಒಂದು ರೂಢಿ ಬಿದ್ದೈತಿ. ಅದು ಹಿಂಗೇ ಇರಬೇಕು ಅಂತೇನಿಲ್ಲ. ಬ್ಯಾರೆ ತರ ನಡದದ್ದೂ ನಮ್ಮ ರಾಜ್ಯದಾಗೇ ಐತಿ.

ಸಾಗರ ತಾಲೂಕಿನ ಹೆಗ್ಗೋಡು ನೋಡ್ರಿ. ಅಡಿಕಿ ತೋಟದ ನಡುವಿನ ಹಳ್ಳಿ. ಅಲ್ಲಿ 1949ರಾಗ ಊರವರೇ ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ನೀನಾಸಂ ಅಂತ ಕರಿಯೋದು ಅದನ್ನೇ. ಕೆ.ವಿ. ಸುಬ್ಬಣ್ಣನವರು ಅದನ್ನ ಬೆಳೆಸಿದರು, 1991ರಾಗ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಿಂದ ಅವರ "ತಿರುಗಾಟ" ತಂಡ ನಾಟಕ ಹೊತ್ತುಕೊಂಡು ಊರೂರು ತಿರುಗತೈತಿ. ನನಗ ಇಷ್ಟ ಆಗೋದು ಅದರ ಲೆಕ್ಕಾಚಾರ. ತಂಡವನ್ನ ಕರೆಸಿಕೊಳ್ಳೋದು ಆಯಾ ಊರಿನ ಸಂಘ. ಜಾಗ ನೋಡೋದು, ಮಂದಿ ಕೂಡಿಸೋದು, ಕಲಾವಿದರಿಗೆ ಇರಾಕ ಉಣ್ಣಾಕ ಏರ್ಪಾಟು ಮಾಡೋದು ಊರವರ ಪಾಲು. ಚಲೋ ನಾಟಕ ಆಡೋದು ತಂಡದ ಪಾಲು. ಯಾರ ಪಾಲಿಗೆ ಏನು ಅಂತ ಮೊದಲೇ ಗೊತ್ತಿರತೈತಿ. ಕರಿಯೋರು ಊರವರು, ಬರೋರು ಅವರು. ಹಿಂಗಿದ್ದಾಗ ಊರವರಿಗೆ "ಇದು ನಮ್ಮ ಕಾರ್ಯಕ್ರಮ" ಅನ್ನಿಸತೈತಿ, ಅನ್ನ ನೀಡೋ ಕೈಗೂ ಬ್ಯಾಸರ ಆಗಲ್ಲ.

ಅಷ್ಟು ದೂರ ಯಾಕ, ನಮ್ಮ ಮಗ್ಗುಲದ ದರೋಜಿಗೆ ಬರ್ರಿ. ಬುರ್ರಕಥಾ ಈರಮ್ಮ ನಮ್ಮ ಕಡಿಯಾಕಿ. ಬುಡ್ಗ ಜಂಗಮರ ಮನಿ ಹೆಣ್ಣುಮಗಳು, ಓದು ಬರಹ ಇಲ್ಲ. ಊರೂರು ತಿರುಗಿ ಕಥಿ ಹಾಡಿದಾಕಿ. ಆಕಿ ಬಾಯಾಗ ಇದ್ದದ್ದು ಸಾವಿರಾರು ಸಾಲಿನ ಕಾವ್ಯಗಳು, ಒಂದಲ್ಲ ಎರಡಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶುರು ಆದದ್ದು 1991ರಾಗ. ಅಲ್ಲಿಯ ವಿದ್ವಾಂಸರು ಆಕಿ ಹಾಡಿದ್ದನ್ನ ಕೇಳಿ ಬರಕೊಂಡರು, ಪುಸ್ತಕ ಆದವು. 1999ರಾಗ ರಾಜ್ಯೋತ್ಸವ ಪ್ರಶಸ್ತಿ, 2003ರಾಗ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಆಕಿಗೆ ಬಂತು. 2014ರಾಗ ಈರಮ್ಮ ತೀರಿಕೊಂಡಳು, ಆಕಿ ಕಾವ್ಯ ಉಳೀತು. ಇಲ್ಲಿ ಕೊಟ್ಟೋರು ಯಾರು, ಇಸಗೊಂಡೋರು ಯಾರು? ಕೊಟ್ಟಾಕಿ ಈರಮ್ಮ. ಓದಿದೋರು ಆಕಿ ಮುಂದ ಕೂತು ಇಸಗೊಂಡರು. ಇದನ್ನ ನಾನು ಸಹಯೋಗ ಅಂತೀನಿ.

ಇನ್ನು ಕನ್ನಡ ಸಾಹಿತ್ಯ ಪರಿಷತ್ತು. 1915ರಾಗ ಬೆಂಗಳೂರಾಗ ಹುಟ್ಟಿದ್ದು. ಈಗ ಜಿಲ್ಲಾ, ತಾಲೂಕು, ಹೋಬಳಿ ಮಟ್ಟದಾಗ ಅದರ ಘಟಕ ಅದಾವ. ಯಾರೋ ತಮ್ಮ ಹಿರಿಯರ ಹೆಸರಿನಾಗ ದತ್ತಿ ಇಟ್ಟಿರ್ತಾರ, ಆ ಬಡ್ಡಿ ರೊಕ್ಕದಾಗ ಶಾಲೆ, ಕಾಲೇಜಿನಾಗ ಉಪನ್ಯಾಸ ಮಾಡಿಸ್ತಾರ. ಚಲೋ ಏರ್ಪಾಟು ಅದು. ನಮ್ಮ ಬಳ್ಳಾರಿಗೆ ಸಾಹಿತ್ಯ ಸಮ್ಮೇಳನ ಹೊಸದಲ್ಲ, 1926, 1938, 1958ರಾಗ ಆಗ್ಯಾವ. 1926ರ ಅಧ್ಯಕ್ಷರು ಫ.ಗು. ಹಳಕಟ್ಟಿಯವರು. ಮನಿ ಮನಿಯಾಗ, ಮಠದಾಗ ಇದ್ದ ತಾಳೆಗರಿ ಕಟ್ಟು ಹುಡುಕಿ ವಚನ ಅಚ್ಚು ಹಾಕಿಸಿದ ಪುಣ್ಯಾತ್ಮ. ಅವರೂ ಊರವರ ಬಾಗಿಲಿಗೆ ಹೋಗಿ ಕೇಳಿದೋರೇ.

ಆದರ ಹೆಣ್ಣುಮಕ್ಕಳ ಲೆಕ್ಕ ತೆಗೆದರ ಹೊಟ್ಟಿ ಚುರ್ ಅಂತೈತಿ. 2024ರ ಡಿಸೆಂಬರಿನಾಗ ಮಂಡ್ಯದಾಗ ಆದದ್ದು 87ನೇ ಸಮ್ಮೇಳನ. ಅಲ್ಲೀತನಕ ಅಧ್ಯಕ್ಷರಾದ ಹೆಣ್ಣುಮಕ್ಕಳು ನಾಕೇ ನಾಕು ಮಂದಿ: 1974ರಾಗ ಜಯದೇವಿತಾಯಿ ಲಿಗಾಡೆ, 2000ದಾಗ ಶಾಂತಾದೇವಿ ಮಾಳವಾಡ, 2003ರಾಗ ಕಮಲಾ ಹಂಪನಾ, 2010ರಾಗ ಗೀತಾ ನಾಗಭೂಷಣ. ಬಳ್ಳಾರಿಯ 88ನೇದಕ್ಕ ಬಾನು ಮುಷ್ತಾಕ್ ಅವರನ್ನ ಆರಿಸಿದ ಸುದ್ದಿ ಕೇಳಿ ಖುಷಿ ಆತು. ಆದರ ಪರಿಷತ್ತಿನ ರಾಜ್ಯಾಧ್ಯಕ್ಷರ ಕುರ್ಚಿ ಮ್ಯಾಲೆ ಇನ್ನೂ ಒಬ್ಬ ಹೆಣ್ಣುಮಗಳು ಕುಂತಿಲ್ಲ. ಮ್ಯಾಲೆ ಹಿಂಗಿದ್ದಾಗ ಕೆಳಗ ಹಳ್ಳಿಯಾಗ ನಮ್ಮನ್ನ ಕುಂಭಕ್ಕಷ್ಟೇ ಕರೀತಾರ ಅಂದ್ರ ಆಶ್ಚರ್ಯ ಏನೈತಿ?

"ಹೆಣ್ಣುಮಕ್ಕಳಿಗೆ ಸಭೆ ನಡೆಸಾಕ ಬರತೈತೇನು" ಅಂತ ಕೇಳೋರಿಗೆ ನಮ್ಮ ಸಂಘದ ನಡಾವಳಿ ಪುಸ್ತಕ ತೋರಿಸ್ರಿ. ಸ್ತ್ರೀಶಕ್ತಿ ಯೋಜನೆ 2000-01ರಾಗ ಬಂತು. ಅವತ್ತಿಂದ ವಾರಕ್ಕೊಮ್ಮೆ ಕೂಡ್ತೀವಿ, ಉಳಿತಾಯದ ರೊಕ್ಕ ಎಣಿಸ್ತೀವಿ. ಸಾಲ ಯಾರಿಗೆ, ಯಾಕ, ಯಾವಾಗ ತೀರಿಸ್ತಾಳ ಅಂತ ಎಲ್ಲಾರ ಮುಂದ ಮಾತಾಡಿ ಬರೀತೀವಿ. ಸಹಿ ಬರದಾಕಿ ಹೆಬ್ಬೆಟ್ಟು ಒತ್ತತಾಳ, ಆದರ ಓದಿ ಹೇಳಿದಮ್ಯಾಲೇ ಒತ್ತತಾಳ. ಹತ್ತು ರೂಪಾಯಿಗೂ ಲೆಕ್ಕ ಐತಿ. ಎಷ್ಟು ಸಾಹಿತ್ಯ ಕಾರ್ಯಕ್ರಮದ ಖರ್ಚು ಊರವರ ಮುಂದ ಹಿಂಗ ಓದಿ ಹೇಳ್ಯಾರ?

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಇನ್ನುಮುಂದ ನಮ್ಮ ಸಂಘದ ಹೆಸರು ಪತ್ರಿಕಿಯಾಗ ಹಾಕಬೇಕಂದ್ರ ಕೆಲವು ಮಾತು ಮೊದಲೇ ಆಗಬೇಕು.

ಮೊದಲನೇದು, ಪೂರ್ವಭಾವಿ ಸಭೆಗೆ ಸಂಘದಿಂದ ಇಬ್ಬರನ್ನ ಕರೀಬೇಕು. ಪತ್ರಿಕಿ ಅಚ್ಚಿಗೆ ಹೋಗೋ ಮುಂಚೆ ಕರೀಬೇಕು, ಅಚ್ಚಾದ ಮ್ಯಾಲಲ್ಲ. ಎರಡನೇದು, ದಿನ ನಮ್ಮನ್ನ ಕೇಳಿ ಇಡಬೇಕು. ಕಾಲುವಿಗೆ ನೀರು ಬಿಟ್ಟು ನಾಟಿ ಶುರು ಆದಾಗ, ಭತ್ತದ ಕೊಯ್ಲಿನಾಗ ಯಾವ ಹೆಣ್ಣುಮಗಳು ಕವಿತೆ ಕೇಳಾಕ ಬರತಾಳ? ಕೂಲಿ ಬಿಟ್ಟು ಬಾ ಅನ್ನೋ ಹಕ್ಕು ಯಾರಿಗೂ ಇಲ್ಲ. ಮೂರನೇದು, ನೀಡೋ ಕೆಲಸ ಗಂಡಸರೂ ಹಂಚಿಕೊಳ್ಳಲಿ. ಅದಾಗದಿದ್ದರ ಊಟ ಸಣ್ಣದಿರಲಿ. ಮಂಡಾಳು ಒಗ್ಗರಣಿ, ಮಿರ್ಚಿ, ಚಾ ಸಾಕು. ಹೋಳಿಗಿ ಮಾಡಿಸಿ ನಮ್ಮನ್ನ ಒಲಿ ಮುಂದ ಕೂಡ್ರಿಸಿ, ಆಮ್ಯಾಲೆ "ಹೆಣ್ಣುಮಕ್ಕಳು ಸಾಹಿತ್ಯ ಕೇಳಾಕ ಬರಲ್ಲ" ಅನ್ನಬಾರದು. ನಾಕನೇದು, ಹೆಣ್ಣುಮಕ್ಕಳ ಗೋಷ್ಠಿ ಮೊದಲು, ಶಾಲು-ಹಾರ ಆಮ್ಯಾಲೆ.

ಐದನೇದು ಎಲ್ಲಕ್ಕಿಂತ ದೊಡ್ಡದು. ಕಾರ್ಯಕ್ರಮ ಮುಗಿದ ಮ್ಯಾಲೆ ಊರಾಗ ಏನು ಉಳೀತೈತಿ? ಶಾಮಿಯಾನ ಬಿಚ್ಚಿದ ಗುಣಿ ಅಷ್ಟೇ ಉಳಿದರ ಅದು ನಮಗ ಬ್ಯಾಡ. ಪಂಚಾಯಿತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತಾರ. ಮಕ್ಕಳಿಗೆ ಓದಿನ ರುಚಿ ಹತ್ತಲಿ ಅಂತ 2020ರಾಗ "ಓದುವ ಬೆಳಕು" ಅಂತ ಸರ್ಕಾರ ಶುರು ಮಾಡೇತಿ. ಸಂಸ್ಥೆಯವರು ಒಂದು ಹಾರದ ರೊಕ್ಕ ಉಳಿಸಿ ಅಲ್ಲಿ ನಾಕು ಪುಸ್ತಕ ಇಡಲಿ. ತಿಂಗಳಿಗೊಮ್ಮೆ ಯಾರಾದರೂ ಬಂದು ನಮ್ಮ ಸಂಘದ ಸಭೆಯಾಗ ಒಂದು ಕಥಿ ಓದಿ ಹೇಳಲಿ, ಅರ್ಧ ತಾಸು ಸಾಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಸಾಲಿಯಾಗ ಓದೀವಲ್ಲ, ಸಾವಿರ ವರ್ಷದ ಹಿಂದ. ಪುಸ್ತಕ ಮಂದಿ ಕೈಗೆ ಮುಟ್ಟಿಸೋದೇ ಸಾಹಿತ್ಯ ಸೇವೆ ಅಂತ ಆ ಹೆಣ್ಣುಮಗಳಿಗೆ ಅವತ್ತೇ ತಿಳಿದಿತ್ತು.

ಮತ್ತ ನಮ್ಮ ಹತ್ರ ಇರೋದನ್ನೂ ಅವರು ಇಸಗೊಳ್ಳಲಿ. ಬೀಸೋ ಪದ, ಸೋಬಾನಿ ಪದ, ತೊಟ್ಟಿಲ ಪದ, ನಾಟಿ ಹಚ್ಚುವಾಗ ಹಾಡೋ ಪದ ಬರೋ ಮುದುಕೇರು ಓಣಿಗೆ ಒಬ್ಬಿಬ್ಬರು ಉಳದಾರ. ಮದುವಿಯಾಗ ಈಗ ಡಿಜೆ. ಆ ಮುದುಕೇರು ಹೋದರ ಅವರ ಜತಿಗೇ ಪದಗಳೂ ಹೋಗ್ತಾವ, ಆಮ್ಯಾಲೆ ಎಷ್ಟು ಸಮ್ಮೇಳನ ಮಾಡಿದರೂ ತಿರುಗಿ ಬರಲ್ಲ. ಸಂಸ್ಥೆಯವರು ಬರಲಿ, ನಮ್ಮ ಕಾಲೇಜು ಹುಡುಗೇರನ್ನ ಜತಿಗೆ ಕೂಡ್ರಿಸಿಕೊಂಡು ಬರಕೊಳ್ಳಲಿ. ಹಾಡಿದಾಕಿ ಹೆಸರು ಪುಸ್ತಕದ ಮ್ಯಾಲೆ ಹಾಕಲಿ. ಈರಮ್ಮನಿಗೆ ಸಂದ ಮರ್ಯಾದಿ ನಮ್ಮ ಮುದುಕೇರಿಗೂ ಒಂದು ಪಾಲು ಸಲ್ಲಲಿ.

ನಮ್ಮವರಿಗೂ ಒಂದು ಮಾತು ಐತಿ. ಕರೆದಾಗ "ನನಗೇನು ತಿಳೀತೈತಿ" ಅಂತ ಹಿಂದಕ ಸರಿಯೋದು ಬ್ಯಾಡ. ಸಾಲದ ಲೆಕ್ಕ ತಿಳಿಯೋ ತಲಿಗೆ ಕವಿತೆ ತಿಳಿಯಲ್ಲೇನು? ಮುಂದಿನ ಸಲ ಯಾವ ಸಂಸ್ಥೆಯವರಾದರೂ ಲೆಟರ್‌ಹೆಡ್ ಹಿಡಕೊಂಡು ಸಹಿ ಕೇಳಾಕ ಬಂದರ, ಚಾ ಕೊಟ್ಟು ಚಾಪಿ ಹಾಸಿ ಕೂಡ್ರಿಸ್ರಿ, ನಮ್ಮ ನಡಾವಳಿ ಪುಸ್ತಕ ತಗೀರಿ. ಅವರ ಪಾಲು ಏನು, ನಮ್ಮ ಪಾಲು ಏನು, ಊರಿಗೆ ಉಳಿಯೋದು ಏನು ಅಂತ ಮೂರು ಸಾಲು ಬರೀರಿ. ಅವರೂ ಸಹಿ ಮಾಡಲಿ, ನಾವೂ ಮಾಡೋಣು. ಆಮ್ಯಾಲೆ ಬೇಕಾದರ ಕುಂಭನೂ ಹೊರೋಣು, ನಗನಗ್ತಾ.