ಮೊದಲ ಮನೆಗೂ ಐದನೆಯ ಮನೆಗೂ ಒಂದೇ ಶುಲ್ಕವೇ?



ಹಳ್ಳಿಯಲ್ಲಿ 30 ಲಕ್ಷ ರೂಪಾಯಿ ಬೆಲೆಯ ಒಂದು ಮನೆಯನ್ನು ಕ್ರಯಕ್ಕೆ ಕೊಂಡು ನೋಂದಣಿ ಮಾಡಿಸಿದರೆ ಸರ್ಕಾರಕ್ಕೆ ಎಷ್ಟು ಕಟ್ಟಬೇಕು? ಲೆಕ್ಕ ಹಾಕೋಣ. ಮುದ್ರಾಂಕ ಶುಲ್ಕ ಶೇ. 5ರಂತೆ 1,50,000 ರೂಪಾಯಿ. ಆ ಶುಲ್ಕದ ಮೇಲೆ ಶೇ. 10 ಸೆಸ್, ಅಂದರೆ 15,000. ಗ್ರಾಮಾಂತರವಾದ್ದರಿಂದ ಶೇ. 3 ಸರ್ಚಾರ್ಜ್, 4,500. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ, ಅದು 60,000. ಒಟ್ಟು 2,29,500 ರೂಪಾಯಿ. ನಗರದಲ್ಲಾದರೆ ಸರ್ಚಾರ್ಜ್ ಶೇ. 2 ಮಾತ್ರ. ಹಳ್ಳಿಯವನೇ ಒಂದಿಷ್ಟು ಹೆಚ್ಚು ಕಟ್ಟಬೇಕೆಂಬುದು ನಮ್ಮ ವ್ಯವಸ್ಥೆಯ ತಮಾಷೆಗಳಲ್ಲೊಂದು.

ಈ ಲೆಕ್ಕದಲ್ಲಿ ಎಲ್ಲವೂ ಇದೆ, ಕೊಳ್ಳುವವನು ಯಾರು ಎಂಬ ಪ್ರಶ್ನೆಯೊಂದಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಚೀಟಿ ಹಾಕಿ, ಒಡವೆ ಅಡವಿಟ್ಟು ಮೊದಲ ಬಾರಿಗೆ ಸ್ವಂತ ಸೂರು ಕಾಣುವ ಗಾರೆ ಕೆಲಸದವನೂ 2,29,500 ಕಟ್ಟುತ್ತಾನೆ. ನಾಲ್ಕು ಮನೆಗಳಿಗೆ ಬೀಗ ಹಾಕಿ ಐದನೆಯದಕ್ಕೆ ಬಂದವನೂ ಅಷ್ಟೇ ಕಟ್ಟುತ್ತಾನೆ. ರಿಯಾಯಿತಿ ಇಲ್ಲವೆಂದಲ್ಲ. ಮೊದಲ ಸಲ ನೋಂದಣಿಯಾಗುವ 45 ಲಕ್ಷದವರೆಗಿನ ಅಪಾರ್ಟ್‌ಮೆಂಟಿಗೆ ಮುದ್ರಾಂಕ ಶುಲ್ಕವನ್ನು ಶೇ. 3ಕ್ಕೆ ಇಳಿಸಿದ್ದಾರೆ. ಆದರೆ ಅಲ್ಲಿಯೂ ನೋಡುವುದು ಫ್ಲ್ಯಾಟಿನ ಬೆಲೆಯನ್ನು, ಕೊಳ್ಳುವವನ ಅಗತ್ಯವನ್ನಲ್ಲ. ಹತ್ತು ಫ್ಲ್ಯಾಟ್ ಉಳ್ಳವನಿಗೂ ಅದೇ ರಿಯಾಯಿತಿ. ಊರಿನಲ್ಲಿ ಸಣ್ಣ ಮನೆ ಕೊಳ್ಳುವವನಿಗೆ ಅದೂ ಇಲ್ಲ.

ಈಗಾಗಲೇ ಮನೆಯಿರುವವರು ಮತ್ತೊಂದನ್ನು ಕೊಳ್ಳುವಾಗ ಹೆಚ್ಚುವರಿ ಶುಲ್ಕ ಕಟ್ಟಬೇಕು, ಆ ಹಣದಿಂದ ಮೊದಲ ಮನೆಯ ಶುಲ್ಕವನ್ನು ಅರ್ಧಕ್ಕೆ ಇಳಿಸಬೇಕು ಎಂಬುದು ನನ್ನ ವಾದ. ಇದು ಹೊಸ ಆಲೋಚನೆಯೇನಲ್ಲ. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ಎರಡನೆಯ ಮನೆಗೆ ಶೇ. 3 ಹೆಚ್ಚುವರಿ ಮುದ್ರಾಂಕ ತೆರಿಗೆಯಿತ್ತು. 2024ರ ಅಕ್ಟೋಬರ್ 31ರಿಂದ ಅದು ಶೇ. 5. ಸಿಂಗಪುರದಲ್ಲಿ 2023ರ ಏಪ್ರಿಲ್‌ನಿಂದ ಅಲ್ಲಿನ ಪ್ರಜೆಯೇ ಎರಡನೆಯ ಮನೆ ಕೊಂಡರೆ ಶೇ. 20, ಮೂರನೆಯದಾದರೆ ಶೇ. 30. ಮೊದಲ ಮನೆಗೆ ಈ ಹೆಚ್ಚುವರಿ ಇಲ್ಲವೇ ಇಲ್ಲ. ನಮ್ಮ ದೇಶ ನಡೆದದ್ದು ಎದುರು ದಿಕ್ಕಿಗೆ. ಹಿಂದೆ ಎರಡನೆಯ ಮನೆಗೆ ಬೀಗ ಹಾಕಿಟ್ಟರೂ ಬಾಡಿಗೆ ಬರುತ್ತಿದೆಯೆಂದೇ ಭಾವಿಸಿ ಆದಾಯ ತೆರಿಗೆ ಹಾಕುತ್ತಿದ್ದರು. 2019ರ ಕೇಂದ್ರ ಬಜೆಟ್ಟಿನಲ್ಲಿ ಅದನ್ನೂ ಬಿಟ್ಟುಕೊಟ್ಟರು. 2011ರ ಜನಗಣತಿಯ ಹೊತ್ತಿಗೇ ದೇಶದ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಬೇಸಾಯ ಗೊತ್ತಿಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾನೂನು ಬಾಗಿಲು ತೆರೆಯಿತು, ರಸ್ತೆ ಆ ಬಾಗಿಲಿಗೆ ಜನರನ್ನು ತಂದು ಬಿಟ್ಟಿತು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿ ನೀರು ಹರಿಯುವ ಗದ್ದೆ ಬಯಲಿನ ಅಂಚಿನಲ್ಲಿ ಲೇಔಟಿನ ಕಮಾನುಗಳು ಎದ್ದಿವೆ. ಅತ್ತ ಬೆಂಗಳೂರು–ಹಾಸನ ಹೆದ್ದಾರಿಯ ಬೆಳ್ಳೂರು ಕ್ರಾಸ್ ಸುತ್ತಮುತ್ತ ನಿವೇಶನದ ಫಲಕಗಳು ಕಾಣುತ್ತವೆ. ಕೊಳ್ಳುವವರಲ್ಲಿ ಅಲ್ಲಿ ಬಂದು ಬಾಳುವವರು ಕಡಿಮೆ. ಭಾನುವಾರಕ್ಕೊಂದು ಫಾರ್ಮ್‌ಹೌಸ್, ಮಗಳ ಮದುವೆಗೊಂದು ನಿವೇಶನ, ಬೆಲೆ ಏರಿದಾಗ ಮಾರಲು ಇನ್ನೊಂದು.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಎಂಜಿನಿಯರನಾಗಿ ದುಡಿದ ನನಗೆ ಈ ಖಾಲಿ ಬಡಾವಣೆಗಳು ಬೇರೆಯೇ ಬಗೆಯಲ್ಲಿ ಕಾಣುತ್ತವೆ. ಜಲಜೀವನ್ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಹಿಡಿದು ಕೊಳವೆಯ ಗಾತ್ರ ಗೊತ್ತುಮಾಡುತ್ತೇವೆ. ತಲೆಗಳೇ ಇಲ್ಲದಿದ್ದರೆ? ಕೊಳವೆಯ ತುದಿಯಲ್ಲಿ ನೀರು ನಿಂತು ಕೆಡುತ್ತದೆ. ಚರಂಡಿಯ ಇಳಿಜಾರನ್ನು ಹರಿಯುವ ನೀರೇ ಹೂಳನ್ನು ತಳ್ಳಿಕೊಂಡು ಹೋಗುವಂತೆ ಲೆಕ್ಕ ಹಾಕಿರುತ್ತೇವೆ. ಹತ್ತು ಮನೆಗಳಲ್ಲಿ ಒಂದರಲ್ಲಿ ಮಾತ್ರ ಜನರಿದ್ದರೆ ಹೂಳು ಅಲ್ಲೇ ಕೂರುತ್ತದೆ, ಸೊಳ್ಳೆ ಹುಟ್ಟುತ್ತದೆ. ಬೀದಿದೀಪ, ಟ್ರಾನ್ಸ್‌ಫಾರ್ಮರ್, ಡಾಂಬರು ಎಲ್ಲವೂ ಬೇಕು, ಅವುಗಳ ನಿರ್ವಹಣೆ ಕೊನೆಗೆ ಬೀಳುವುದು ಗ್ರಾಮ ಪಂಚಾಯಿತಿಯ ತಲೆಯ ಮೇಲೆ. ಕಮಾನಿನ ಆಚೆಯ ಹಳೆಯ ಕೇರಿಯಲ್ಲಿ ಅದೇ ಪಂಚಾಯಿತಿಯ ನಲ್ಲಿಗೆ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿರುತ್ತಾರೆ. ನಿವೇಶನದ ಬೆಲೆ ಏರಿರುವುದರಿಂದ ಆ ಕೇರಿಯ ಹುಡುಗರು ತಮ್ಮ ಊರಿನಲ್ಲೇ ಒಂದು ಮೂವತ್ತು–ನಲವತ್ತು ಕೊಳ್ಳಲಾರರು.

ಆದರೆ ಈ ತೆರಿಗೆಯನ್ನು ಕಣ್ಣು ಮುಚ್ಚಿ ತಂದರೆ ಮೊದಲು ಪೆಟ್ಟು ತಿನ್ನುವವರು ನಮ್ಮ ಬಡವರೇ. ಕೆ.ಆರ್.ಪೇಟೆ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಜನ ಮುಂಬೈನ ಹೋಟೆಲುಗಳಲ್ಲಿ ದುಡಿಯುತ್ತಾರೆ. 2020ರ ಮೇ ತಿಂಗಳಲ್ಲಿ ಕೊರೊನಾ ಭಯದ ನಡುವೆ ಅವರು ಊರಿಗೆ ಮರಳಿದಾಗ ಕೆ.ಆರ್.ಪೇಟೆ, ನಾಗಮಂಗಲದ ಹೆಸರು ದಿನವೂ ಸುದ್ದಿಯಲ್ಲಿದ್ದುದು ನೆನಪಿರಬಹುದು. ನಾಗಮಂಗಲದವರು ಹೊಟ್ಟೆಪಾಡಿಗೆ ಬೆಂಗಳೂರು ಸೇರಿ ಮೂರು ತಲೆಮಾರಾಯಿತು. ಇವರೆಲ್ಲರಿಗೂ ಊರಿನಲ್ಲೊಂದು ಹೆಂಚಿನ ಮನೆ ಇದೆ. ಅದಕ್ಕೂ ಬೀಗವಿದೆ. ಹಬ್ಬಕ್ಕೆ, ಸಾವಿಗೆ ತೆರೆಯುವ ಬೀಗ. ಅಣ್ಣತಮ್ಮಂದಿರು ನಾಲ್ವರಿಗೂ ಅದರಲ್ಲಿ ಪಾಲು, ಯಾರಿಗೂ ಅದು ಪೂರ್ತಿ ಮನೆಯಲ್ಲ. ಇಂಥವನೊಬ್ಬ ನಾಳೆ ಬೆಂಗಳೂರಿನಲ್ಲೋ ಮುಂಬೈನಲ್ಲೋ ಒಂದು ಚಿಕ್ಕ ಫ್ಲ್ಯಾಟ್ ಕೊಂಡರೆ ಅದನ್ನು ಎರಡನೆಯ ಮನೆ ಎನ್ನುವುದು ಅನ್ಯಾಯ. ಬಯಲುಸೀಮೆಯ ಬಡತನ ಬಿಡಿಸಿದ ಮನೆಗೂ ಬೆಂಗಳೂರಿನ ದುಡ್ಡು ಕಟ್ಟಿಸಿದ ಮನೆಗೂ ಬೀಗ ಒಂದೇ ಥರ ಕಾಣಬಹುದು. ಕಾನೂನಿಗೆ ಅವೆರಡೂ ಒಂದೇ ಆಗಕೂಡದು.

ಹೊರದೇಶಗಳ ಅನುಭವ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿ. ಸಿಂಗಪುರದಲ್ಲಿ ಒಂದು ಮನೆಯಲ್ಲಿ ಸಣ್ಣ ಪಾಲಿದ್ದರೂ ಅದನ್ನು ಒಂದು ಮನೆ ಎಂದೇ ಎಣಿಸುತ್ತಾರೆ. ಅವಿಭಕ್ತ ಕುಟುಂಬದ ನಮ್ಮ ನಾಡಿಗೆ ಅದು ಹೊಂದುವುದಿಲ್ಲ. ಇಂಗ್ಲೆಂಡಿನಲ್ಲಿ 40,000 ಪೌಂಡಿಗಿಂತ ಕಡಿಮೆ ಬೆಲೆಯ ಪಾಲನ್ನು ಎಣಿಕೆಗೆ ಹಿಡಿಯುವುದಿಲ್ಲ. ಹಳೆಯ ವಾಸದ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಕಟ್ಟಿದ ಹೆಚ್ಚುವರಿ ಹಣ ವಾಪಸು ಸಿಗುತ್ತದೆ. ಗಂಡ ಹೆಂಡತಿಯನ್ನು ಒಂದೇ ಘಟಕವಾಗಿ ನೋಡುತ್ತಾರೆ; ಒಂದು ಅವರ ಹೆಸರಿಗೆ, ಇನ್ನೊಂದು ಇವರ ಹೆಸರಿಗೆ ಎಂಬ ಆಟ ನಡೆಯದು. ಇವು ಮೂರನ್ನೂ ನಾವು ತೆಗೆದುಕೊಳ್ಳಬಹುದು. ಜೊತೆಗೆ ಪಿತ್ರಾರ್ಜಿತ ಮನೆಯನ್ನು ಎಣಿಕೆಯಿಂದ ಪೂರ್ತಿ ಹೊರಗಿಡಬೇಕು. ಖಾಲಿ ನಿವೇಶನವನ್ನೂ ಫಾರ್ಮ್‌ಹೌಸನ್ನೂ ಎಣಿಕೆಯ ಒಳಗೆ ತರಬೇಕು. ಇಲ್ಲದಿದ್ದರೆ ಎಲ್ಲರೂ ಮನೆ ಬಿಟ್ಟು ಸೈಟನ್ನೇ ಕೊಳ್ಳುತ್ತಾರೆ.

ಯಾರಿಗೆ ಎಷ್ಟು ಆಸ್ತಿ ಇದೆಯೆಂದು ಸರ್ಕಾರಕ್ಕೆ ಹೇಗೆ ತಿಳಿಯಬೇಕು ಎಂಬ ಮಾತು ಈಗ ನಿಲ್ಲುವುದಿಲ್ಲ. ನೋಂದಣಿ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತಿದೆ, ಹಳ್ಳಿಯ ಆಸ್ತಿಗೆ ಇ-ಸ್ವತ್ತು, ಪಟ್ಟಣದ್ದಕ್ಕೆ ಇ-ಖಾತಾ ಇದೆ, ಪಹಣಿಗೆ ಆಧಾರ್ ಜೋಡಿಸಿದ್ದಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಕೇಳುವ ಬಡವ ತನಗೂ ತನ್ನ ಕುಟುಂಬಕ್ಕೂ ದೇಶದ ಎಲ್ಲಿಯೂ ಪಕ್ಕಾ ಮನೆಯಿಲ್ಲವೆಂದು ಬರೆದುಕೊಡಬೇಕು. ಬಡವನಿಗೆ ಕೇಳುವ ಈ ಪ್ರಶ್ನೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿರಿವಂತನಿಗೂ ಕೇಳಲು ಅಡ್ಡಿ ಯಾವುದು?

ಅಡ್ಡಿಯಿರುವುದು ಬೇರೆ ಕಡೆ. ಶುಲ್ಕ ಹೆಚ್ಚಿದಷ್ಟೂ ಪತ್ರದಲ್ಲಿ ಮಾರ್ಗಸೂಚಿ ದರವನ್ನಷ್ಟೇ ಕಾಣಿಸಿ ಉಳಿದದ್ದನ್ನು ನಗದಿನಲ್ಲಿ ಕೊಡುವ ಚಾಳಿ ಹೆಚ್ಚುತ್ತದೆ. 2023ರ ಅಕ್ಟೋಬರ್‌ನಲ್ಲಿ ಆ ದರಗಳನ್ನು ಪರಿಷ್ಕರಿಸಿದರು. ಅದು ವರ್ಷವರ್ಷವೂ ತಪ್ಪದೆ ಆಗಬೇಕು. ಬಾಡಿಗೆಗೆ ಕೊಡಲೆಂದೇ ಮನೆ ಕೊಳ್ಳುವವರು ಬಾಡಿಗೆದಾರರಿಗೆ ಉಪಕಾರವನ್ನೇ ಮಾಡುತ್ತಾರೆ ಎಂಬ ವಾದದಲ್ಲೂ ನಿಜವಿದೆ. ಮೂರು ವರ್ಷ ನಿಜವಾಗಿ ಬಾಡಿಗೆಗೆ ಕೊಟ್ಟವರಿಗೆ ಹೆಚ್ಚುವರಿಯ ಒಂದು ಭಾಗ ಹಿಂದಿರುಗಿಸಲಿ. ಬೀಗಕ್ಕೆ ಬೇಡ.

ನನಗೆ ಮೈಸೂರಿನಲ್ಲಿ ನಿವೃತ್ತಿಯ ಹಣದಿಂದ ಕಟ್ಟಿದ ಮನೆಯಿದೆ. ಪಾಂಡವಪುರ ತಾಲ್ಲೂಕಿನ ಹಿರಿಯರ ಮನೆಯಲ್ಲಿ ಮೂರನೇ ಒಂದು ಪಾಲಿದೆ. ಮಗ ಬೆಂಗಳೂರಿನಲ್ಲಿ ನನ್ನ ಹೆಸರೂ ಸೇರಿಸಿ ಒಂದು ಫ್ಲ್ಯಾಟ್ ತೆಗೆದುಕೊಳ್ಳೋಣ ಎನ್ನುತ್ತಿದ್ದಾನೆ. ನಾನು ಕೇಳುವ ತೆರಿಗೆ ಬಂದರೆ ಮೊದಲ ಚಲನ್ ನನ್ನ ಹೆಸರಿಗೇ ಬರುತ್ತದೆ. ಜೊತೆಗೆ ನಿವೃತ್ತರಾದ ಗೆಳೆಯರು ಇದನ್ನು ಹಿಡಿದು, “ನಿಮಗೇನಯ್ಯಾ, ಕೈಯಾರೆ ದುಡಿದ ಹಣ, ಇನ್ನೊಂದು ಮನೆ ಮಾಡಿದರೆ ಅಪರಾಧವೇ?” ಎನ್ನುತ್ತಾರೆ. ಅಪರಾಧ ಎಂದು ನಾನು ಹೇಳಿಲ್ಲ. ಕೊಳ್ಳಲಿ, ಒಂದಿಷ್ಟು ಹೆಚ್ಚು ಕೊಟ್ಟು ಕೊಳ್ಳಲಿ. ಕಾಯಕದಿಂದ ಬಂದದ್ದರಲ್ಲಿ ದಾಸೋಹಕ್ಕೂ ಪಾಲಿದೆ ಎಂಬ ಮಾತನ್ನು ವೇದಿಕೆಯಲ್ಲಿ ಹೇಳುವವರು ನಾವೇ ಅಲ್ಲವೇ? ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಹಾಕಿ ಬನ್ನಿ ಎಂದ ಲಕ್ಕಮ್ಮನ ಕಥೆಯನ್ನು ಪ್ರತಿ ಪ್ರವಚನದಲ್ಲೂ ಕೇಳಿ ತಲೆದೂಗುತ್ತೇವೆ. ಮರುವಾರ ಐದನೆಯ ಮನೆಯ ಗುರುಪ್ರವೇಶಕ್ಕೆ ಪೂಜ್ಯರ ದಿನಾಂಕ ಕೇಳಲು ಮಠಕ್ಕೆ ಹೋಗುತ್ತೇವೆ. ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು: ಈ ತೆರಿಗೆ ಬಂದಾಗ ಅದರಿಂದ ತಪ್ಪಿಸಿಕೊಳ್ಳಲು ಮಠ, ಟ್ರಸ್ಟುಗಳ ಹೆಸರು ಮರೆಯಾಗಬಾರದು. ಶಾಲೆ, ಪ್ರಸಾದ ನಿಲಯಕ್ಕೆ ವಿನಾಯಿತಿ ಇರಲಿ. ಟ್ರಸ್ಟಿಯ ಫಾರ್ಮ್‌ಹೌಸಿಗೆ ಬೇಡ.

ರಾಜ್ಯ ಬಜೆಟ್ಟಿಗೆ ಮುಂಚೆ ಮುಖ್ಯಮಂತ್ರಿಗಳಿಗೆ ಒಂದು ಮನವಿ ಕೊಡಬೇಕೆಂದಿದ್ದೇವೆ. ಬರಿಯ ಮಾತಿನ ಮನವಿ ಬೇಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಪತ್ರಿಕೆ ತಲುಪುವ ಪ್ರತಿ ಊರಿನಲ್ಲೂ ಇಬ್ಬರು ಯುವಕರು ಒಂದು ಭಾನುವಾರ ಮನೆಮನೆ ಎಣಿಸಲಿ. ಯಾರ ಹೆಸರೂ ಬರೆಯುವುದು ಬೇಡ, ಸಂಖ್ಯೆ ಸಾಕು: ಜನರು ವಾಸವಿರುವ ಮನೆಗಳೆಷ್ಟು, ದುಡಿಮೆಗೆ ಊರು ಬಿಟ್ಟವರ ಬೀಗದ ಮನೆಗಳೆಷ್ಟು, ಹೊರಗಿನವರು ಕಟ್ಟಿ ಬೀಗ ಹಾಕಿದವೆಷ್ಟು, ಖಾಲಿ ನಿವೇಶನಗಳೆಷ್ಟು, ಊರಿನಲ್ಲೇ ಇದ್ದೂ ಬಾಡಿಗೆಗಿರುವ ಕುಟುಂಬಗಳೆಷ್ಟು. ಈ ಐದು ಅಂಕಣದ ಹಾಳೆಯನ್ನು ಪಂಚಾಯಿತಿಯ ಹೆಸರು ಬರೆದು ಡಿಸೆಂಬರ್ ಮುಗಿಯುವುದರೊಳಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕೂಡುವ ಕೆಲಸ ನನ್ನದು.