ಈ ಹಳೇ ಕಾರ್ಡು ಯಾವುದು? ಮಕ್ಕಳೇ ಕಂಡುಹಿಡಿಯಲಿ

ಚಳಿಗಾಲ ಬಂತೆಂದರೆ ವಫ್ರಾದಲ್ಲಿ ನಮಗೆಲ್ಲ ಎರಡು ಕೆಲಸ: ತೋಟದ ತರಕಾರಿ ತರುವುದು, ಸ್ಟೋರ್‌ರೂಮ್ ಖಾಲಿ ಮಾಡುವುದು. ಹಾಗೆ ಖಾಲಿ ಮಾಡುವಾಗ ಹಳೇ ಕಂಪ್ಯೂಟರಿನ ಹೆಸರಿಲ್ಲದ ಹಸಿರು ಕಾರ್ಡುಗಳು ಸಿಕ್ಕರೆ ಕಸಕ್ಕೆ ಹಾಕುವ ಮುಂಚೆ ಮಕ್ಕಳನ್ನು ಕರೆಯಿರಿ. ಒಂದು ಸಂಜೆಯ ಪತ್ತೇದಾರಿ ಕೆಲಸ ಅದರಲ್ಲಿದೆ.

ಮೊದಲು ಕಾರ್ಡಿನ ಅಂಚಿನಲ್ಲಿರುವ ಚಿನ್ನದ ಬಣ್ಣದ ಹಲ್ಲುಗಳನ್ನು ಎಣಿಸಲಿ. ಒಂದು ಬದಿಗೆ 31 ಇದ್ದರೆ ಅದು 8 ಬಿಟ್ ಐಎಸ್‌ಎ, 1981ರ ಐಬಿಎಂ ಪಿಸಿಯ ಜೊತೆ ಬಂದ ಮಾದರಿ. ಸಣ್ಣ ಸಂದಿ ಬಿಟ್ಟು ಇನ್ನೂ 18 ಇದ್ದರೆ 16 ಬಿಟ್, 1984ರ ಮಾದರಿ. ಹಲ್ಲುಗಳು ಸಣ್ಣದಾಗಿ ಒತ್ತೊತ್ತಾಗಿದ್ದರೆ ಬಹುಶಃ ತೊಂಬತ್ತರ ದಶಕದ ಪಿಸಿಐ.

ಆಮೇಲೆ ಹಿಂಬದಿಯ ತಗಡು ನೋಡಿ. ಮೂರು ಸಾಲಿನಲ್ಲಿ 15 ತೂತಿದ್ದರೆ ಮಾನಿಟರಿನ ವಿಜಿಎ ಕಾರ್ಡು. ಅದೇ 15 ಎರಡು ಸಾಲಿನಲ್ಲಿದ್ದರೆ ಜಾಯ್‌ಸ್ಟಿಕ್‌ಗೆ. ಸಾಮಾನ್ಯವಾಗಿ ಅದು ಸೌಂಡ್ ಕಾರ್ಡು. ಎರಡು ಫೋನ್ ಜ್ಯಾಕ್ ಇದ್ದರೆ ಮೋಡೆಮ್.

ಚಿಪ್ ಮೇಲಿನ 9127ರಂಥ ನಾಲ್ಕು ಅಂಕಿ ಸಾಮಾನ್ಯವಾಗಿ ತಯಾರಾದ ದಿನ ಹೇಳುತ್ತದೆ: 1991ರ 27ನೇ ವಾರ. ಎಲ್ಲಕ್ಕಿಂತ ಹೊಸ ಚಿಪ್ ಯಾವುದೋ, ಕಾರ್ಡು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಯಾಕೆ ಅಂತ ಮಕ್ಕಳೇ ಹೇಳಲಿ.

ಎರಡು ಎಚ್ಚರಿಕೆ. ಚಿಪ್ ಮೇಲೆ ಅಂಟಿಸಿದ ಚೀಟಿ ಕೀಳಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇದ್ದರೆ, ನೇರ ಬಿಸಿಲಲ್ಲಿ ಸುಮಾರು ಒಂದು ವಾರಕ್ಕೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ. ನಮ್ಮ ಕುವೈತ್ ಬಿಸಿಲಂತೂ ಗೊತ್ತೇ ಇದೆ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಲಿ. ಬ್ಯಾಟರಿ ಸೋರಿದ್ದರೆ ಮಕ್ಕಳು ಮುಟ್ಟುವುದೇ ಬೇಡ.

ಊರಿನ ಮನೆಯ ಅಟ್ಟದಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ಕಾರ್ಡಿನ ಮೇಲೆ ಸಿ-ಡ್ಯಾಕ್ ಅಥವಾ ಜಿಸ್ಟ್ ಎಂದಿದ್ದರೆ ಜೋಪಾನ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸಿದ ಕಾರ್ಡು. ಅದರಲ್ಲಿ ಬರೆದದ್ದು ಇಸ್ಕಿ ಸಂಕೇತದಲ್ಲಿ ಉಳಿಯುತ್ತಿತ್ತು. ಜೊತೆಗೊಂದು ಫ್ಲಾಪಿ ಇದ್ದು, ಇಂದಿನ ಲ್ಯಾಪ್‌ಟಾಪಿನಲ್ಲಿ ಅಜ್ಜನ ಬರಹ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಹಾಳಾಗಿದೆ ಎಂದು ಎಸೆಯಬೇಡಿ. ಇಸ್ಕಿ 1991ರಲ್ಲಿ ಭಾರತೀಯ ಮಾನಕವಾಗಿ ಪ್ರಕಟವಾಗಿದೆ, ಯೂನಿಕೋಡ್‌ಗೆ ಬದಲಾಯಿಸಬಹುದು. ನಮ್ಮ ಮೊಬೈಲಿನ ಕನ್ನಡ ಯೂನಿಕೋಡ್‌ನ ಅಕ್ಷರಜೋಡಣೆಗೂ ಇಸ್ಕಿಯೇ ಆಧಾರ.

ಮಕ್ಕಳ ಅರಬ್ ಗೆಳೆಯರ ಮನೆಯಲ್ಲೂ ಇಂಥದೇ ಕಥೆ ಇರಬಹುದು. ಎಂಬತ್ತರ ದಶಕದಲ್ಲಿ ಕುವೈತ್‌ನ ಅಲ್ ಆಲಮಿಯಾ ಕಂಪನಿ ಅರೇಬಿಕ್ ಬಲ್ಲ ಸಖರ್ ಕಂಪ್ಯೂಟರ್ ತಂದಿತ್ತು. ಒಂದು ಬದಿಗೆ 25 ಹಲ್ಲಿನ ಪುಟ್ಟ ಕಾರ್ಟ್ರಿಜ್ ಸಿಕ್ಕರೆ ಅದರದ್ದೇ ಇರಬಹುದು.

ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು, ಎಣಿಸಿದ್ದು, ಓದಿದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಶುಕ್ರವಾರ ಊರಿಗೆ ಫೋನ್ ಮಾಡಿದಾಗ ಮಕ್ಕಳೇ ಕೇಳಲಿ: “ಅಜ್ಜಾ, ನಿಮ್ಮ ಹಳೇ ಫ್ಲಾಪಿ ಎಲ್ಲಿವೆ?”