ಹೇಳಿಕೊಡದ ವಿದ್ಯೆಗೆ ಎಂಬತ್ತು ಅಂಕ

ಆರ್ಕಿಟೆಕ್ಟ್ ಆಗುವವರಿಗೆ ಚಿತ್ರ ಬರೆಯಲು ಬರಬೇಕೇ? ಬರಬೇಕು. ಈ ವಿಷಯದಲ್ಲಿ ಆರ್ಕಿಟೆಕ್ಚರ್ ಕಾಲೇಜುಗಳ ಮೇಷ್ಟ್ರುಗಳ ಜೊತೆ ನನಗೆ ತಕರಾರಿಲ್ಲ. ಗೋಡೆ ಎಲ್ಲಿ ತಿರುಗಬೇಕು, ಕಿಟಕಿಯ ಬೆಳಕು ಎಲ್ಲಿ ಬೀಳಬೇಕು ಎಂಬುದನ್ನು ಪೆನ್ಸಿಲ್ ಆಡಿಸುತ್ತಲೇ ಯೋಚಿಸುವ ಕಸುಬು ಅದು. ತಕರಾರು ಇರುವುದು ಈ ವಿದ್ಯೆಯನ್ನು ಯಾವಾಗ ಕಲಿತಿರಬೇಕು, ಯಾರ ದುಡ್ಡಿನಲ್ಲಿ ಕಲಿತಿರಬೇಕು ಎಂಬುದರಲ್ಲಿ.

ಬಿ.ಆರ್ಕ್ ಸೇರಲು ಚಿತ್ರಕಲೆಯ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಕೇಳುವುದಕ್ಕೆ ಬಾಗಿಲು ವಿಶಾಲವಾಗಿಯೇ ಇದೆ. ಆದರೆ ನಾಟಾದ 200 ಅಂಕಗಳಲ್ಲಿ 80 ಅಂಕ ಚಿತ್ರ ಮತ್ತು ಸಂಯೋಜನೆಗೆ ಮೀಸಲು, ಅದಕ್ಕೆ ಒಂದೂವರೆ ಗಂಟೆ. ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ರ‍್ಯಾಂಕ್ ಕಟ್ಟುವಾಗ ಪಿಯುಸಿ ಅಂಕಕ್ಕೆ ಅರ್ಧ, ನಾಟಾಗೆ ಅರ್ಧ. ಅಂದರೆ ರ‍್ಯಾಂಕಿನ ನೂರರಲ್ಲಿ ಇಪ್ಪತ್ತು ಪಾಲು ಆ ಒಂದೂವರೆ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಸರ್ಕಾರಿ ಕೋಟಾದ ಒಳ್ಳೆಯ ಸೀಟು ಒಂದೆರಡು ಅಂಕಗಳಲ್ಲಿ ಕೈತಪ್ಪುವ ಕಾಲದಲ್ಲಿ ಇಪ್ಪತ್ತು ಪಾಲು ಎಂದರೆ ಎಲ್ಲವೂ.

ಸಿಂಧನೂರಿನದೋ ಹೊಸದುರ್ಗದ್ದೋ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ಓದಿದ ಹುಡುಗಿಗೆ ಇದನ್ನು ಕಲಿಸುವವರು ಯಾರು? ಪಿಯುಸಿ ವಿಜ್ಞಾನದ ವಿದ್ಯಾರ್ಥಿಯ ಪಾಲಿಗೆ ಚಿತ್ರಕಲೆ ಎಂದರೆ ರೆಕಾರ್ಡ್ ಪುಸ್ತಕದ ಕಪ್ಪೆ, ದಾಸವಾಳ. ಉಳಿದದ್ದನ್ನು ಕೋಚಿಂಗ್ ಸೆಂಟರುಗಳು ಹೇಳಿಕೊಡುತ್ತವೆ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಫೀಸು ಕಟ್ಟಿದರೆ. ಅಲ್ಲಿ ಕಲಿಸುವುದು ನೋಡುವುದನ್ನಲ್ಲ, ಅಂಕ ಬರುವ ಚಿತ್ರವನ್ನು. ಸಂತೆಯ ಚಿತ್ರ ಬರೆಯಿರಿ ಎಂದರೆ ಹೀಗೆ: ಮುಂದೆ ಬೆನ್ನು ಮಾಡಿ ನಿಂತ ದೊಡ್ಡ ಆಕೃತಿ, ಹಿಂದೆ ಸಣ್ಣದಾಗುತ್ತಾ ಹೋಗುವ ಜನ, ಮೂಲೆಯಲ್ಲಿ ಅರ್ಧ ಮರ. ಬಸ್‌ಸ್ಟ್ಯಾಂಡ್ ಎಂದರೂ ಅದೇ, ಮರದ ಬದಲು ಕಂಬ. ಇದನ್ನು ಮೂರು ತಿಂಗಳು ತಿದ್ದಿದವರಿಗೆ ಪ್ರತಿಭೆ ಇದೆ ಎನ್ನುತ್ತೇವೆ, ತಿದ್ದದವರಿಗೆ ಅಭಿರುಚಿಯೇ ಇಲ್ಲ ಎನ್ನುತ್ತೇವೆ.

ಆ 80ರಲ್ಲಿ ಒಂದು ಭಾಗವನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. ಕೊಟ್ಟ ಸಾಮಗ್ರಿಯಿಂದ ಮೂರು ಆಯಾಮದ ಆಕೃತಿ ಕಟ್ಟುವ 30 ಅಂಕದ ಪ್ರಶ್ನೆ ಅದು. ಬಡಗಿಯ ಮಗ, ಗಾರೆ ಕೆಲಸದವರ ಮಗಳು ಅಲ್ಲಿ ಯಾರಿಗೂ ಕಮ್ಮಿಯಲ್ಲ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಅವರ ಕೈಗೆ ಗೊತ್ತು. ಪರೀಕ್ಷೆ ಮಾಡಲೇಬೇಕೆಂದಿದ್ದರೆ ಅಂಥದ್ದನ್ನು ಹೆಚ್ಚಿಸಿ.

'ಚಿತ್ರದ ಪರೀಕ್ಷೆ ಇಲ್ಲದಿದ್ದರೆ ಗುಣಮಟ್ಟ ಕುಸಿಯುತ್ತದೆ' ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. 2021ರಿಂದ 2023ರವರೆಗೆ ನಾಟಾ ಕಂಪ್ಯೂಟರ್ ಮೇಲಿನ ಪರೀಕ್ಷೆಯಾಗಿತ್ತು, 125 ಪ್ರಶ್ನೆಗಳು, ಪೆನ್ಸಿಲ್ ಹಿಡಿಯುವ ಪ್ರಸಂಗವೇ ಇಲ್ಲ. ಕೈಚಿತ್ರ ಮರಳಿದ್ದು 2024ರಲ್ಲಿ. ಮೂರು ವರ್ಷ ಚಿತ್ರವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡ ಕೌನ್ಸಿಲ್, ಆ ಮಕ್ಕಳು ಸ್ಟುಡಿಯೋದಲ್ಲಿ ಹೇಗೆ ನಡೆದುಕೊಂಡರು ಎಂಬ ಲೆಕ್ಕವನ್ನು ಮೊದಲು ಜನರ ಮುಂದಿಟ್ಟು ಆಮೇಲೆ ಗುಣಮಟ್ಟದ ಮಾತಾಡಲಿ. ಕೋರ್ಸು ಐದು ವರ್ಷದ್ದು. ಮೊದಲ ವರ್ಷದಲ್ಲಿ ಗೆರೆ ಎಳೆಯುವುದರಿಂದಲೇ ಶುರು ಮಾಡಿಸುತ್ತಾರೆ, ಟೇಪು ಕೊಟ್ಟು ಹಳೆಯ ಮನೆಯನ್ನೋ ದೇವಸ್ಥಾನವನ್ನೋ ಅಳೆಸಿ ಪ್ಲಾನು, ಸೆಕ್ಷನ್ನು ಬರೆಸುತ್ತಾರೆ. ಆರ್ಕಿಟೆಕ್ಟಿಗೆ ಬೇಕಾದ ಚಿತ್ರ ಇದು. ಇದಕ್ಕೂ ಸಂತೆಯ ಚಿತ್ರಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ದಾರಿ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ. ಖರಗ್‌ಪುರ, ರೂರ್ಕಿ, ವಾರಾಣಸಿಯ ಐಐಟಿಗಳಲ್ಲಿ ಬಿ.ಆರ್ಕ್ ಸೇರುವವರಿಗೆ ಜೆಇಇ ಅಡ್ವಾನ್ಸ್ಡ್ ಆದ ಮೇಲೆ ಎಎಟಿ ಎಂಬ ಪರೀಕ್ಷೆ ಇದೆ. ಅಲ್ಲಿಯೂ ಚಿತ್ರ ಬರೆಸುತ್ತಾರೆ. ಆದರೆ ಫಲಿತಾಂಶ ಪಾಸು ಅಥವಾ ಫೇಲು, ಅಷ್ಟೇ. ಎಎಟಿಗೆ ಬೇರೆ ರ‍್ಯಾಂಕಿಲ್ಲ, ಸೀಟು ಹಂಚುವುದು ಜೆಇಇ ರ‍್ಯಾಂಕಿನ ಮೇಲೆ. ಜೆಇಇಯೂ ಬಡವರ ಪಾಲಿಗೆ ಸುಲಭದ್ದೇನಲ್ಲ, ಅದು ಬೇರೆ ಕಥೆ. ಆದರೆ ಕಣ್ಣು, ಕೈ ತಕ್ಕಮಟ್ಟಿಗೆ ಇವೆಯೇ ಎಂದು ನೋಡಿ ಒಳಗೆ ಬಿಡುವುದಕ್ಕೂ, ಕೋಚಿಂಗಿನಲ್ಲಿ ಹೊಳಪು ಕೊಟ್ಟ ಕೈಯನ್ನು ಮೇಲಿನ ಸಾಲಿನಲ್ಲಿ ಕೂರಿಸುವುದಕ್ಕೂ ವ್ಯತ್ಯಾಸ ಇದೆ. ನಾಟಾದ ಚಿತ್ರದ ಭಾಗವನ್ನೂ ಹಾಗೆಯೇ ಪಾಸಿಗೆ ಮಾತ್ರ ಇಟ್ಟುಕೊಂಡರೆ ಏನು ನಷ್ಟ?

ಇನ್ನೊಂದು ವಿಚಿತ್ರ ನೋಡಿ. ಚಿಕ್ಕಂದಿನಿಂದ ಚಿತ್ರ ಬರೆದುಕೊಂಡೇ ಬೆಳೆದು, ಪಿಯುಸಿಯಲ್ಲಿ ಇತಿಹಾಸ, ಸಮಾಜಶಾಸ್ತ್ರ ತೆಗೆದುಕೊಂಡ ಹುಡುಗ ನಾಟಾ ಪರೀಕ್ಷೆಯ ಹೊಸ್ತಿಲನ್ನೂ ತುಳಿಯುವಂತಿಲ್ಲ, ಅವನಿಗೆ ಗಣಿತವಿಲ್ಲ. ಗಣಿತ ಬಲ್ಲವಳಿಗೆ ಚಿತ್ರ ಬರುವುದಿಲ್ಲವೆಂದು ಅಂಕ ಕಳೆಯುವ ವ್ಯವಸ್ಥೆ, ಚಿತ್ರ ಬಲ್ಲವನಿಗೆ ಗಣಿತವಿಲ್ಲವೆಂದು ಪೂರ್ತಿ ಬಾಗಿಲು ಮುಚ್ಚುತ್ತದೆ. ಗಣಿತವನ್ನು ಮೊದಲ ವರ್ಷದಲ್ಲಿ ತುಂಬಿಕೊಡಬಹುದೇ ಎಂಬುದು ಚರ್ಚೆಯಾಗಬೇಕಾದ ಮಾತು, ಅದಕ್ಕೆ ಬೇರೆ ಲೇಖನವೇ ಬೇಕು.

ರಾಜ್ಯ ಸರ್ಕಾರವೂ ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿವೆ, ಶಾಲಾ ಪರೀಕ್ಷಾ ಮಂಡಳಿಯೇ ನಡೆಸಿಕೊಂಡು ಬಂದದ್ದು. ಹೈಯರ್ ಪಾಸಾದ ಸರ್ಟಿಫಿಕೇಟಿಗೆ ಬಿ.ಆರ್ಕ್ ರ‍್ಯಾಂಕಿನ ಲೆಕ್ಕದಲ್ಲಿ ಒಂದು ಅಂಕದ ಬೆಲೆಯೂ ಇಲ್ಲ. ಅದನ್ನು ಬರೆಸಬೇಕಾದ ಚಿತ್ರಕಲಾ ಶಿಕ್ಷಕರೇ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿಲ್ಲ. ಇದ್ದವರು ನಿವೃತ್ತರಾದರೆ ಆ ಪೀರಿಯಡ್ಡು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ, ಕೇಳುವವರಿಲ್ಲ. ಪ್ರೌಢಶಾಲೆಯಲ್ಲಿ ಹುದ್ದೆ ತುಂಬದ ಸರ್ಕಾರದ ಪ್ರಾಧಿಕಾರವೇ ನಾಲ್ಕು ವರ್ಷದ ಮೇಲೆ ಅದೇ ಮಗುವಿನ ಚಿತ್ರದ ಅಂಕ ಕೂಡಿಸಿ ರ‍್ಯಾಂಕ್ ಪಟ್ಟಿಯಲ್ಲಿ ಕೆಳಗೆ ತಳ್ಳುತ್ತದೆ.

ಆದ್ದರಿಂದ ಆ ಹುದ್ದೆಗಳನ್ನು ಮೊದಲು ತುಂಬಲಿ. ಒಂದು ಪೀಳಿಗೆಯ ಮಕ್ಕಳು ಎಂಟನೇ ತರಗತಿಯಿಂದ ಪೆನ್ಸಿಲ್ ಹಿಡಿದು ಬರಲಿ. ಅಲ್ಲಿಯವರೆಗೆ ಆ 80 ಅಂಕಗಳು ಪಾಸಿಗೆ ಇರಲಿ, ರ‍್ಯಾಂಕಿಗೆ ಬೇಡ.